ಮುರಕಲ್ಲಿನ ಹಾದಿಯೂ ಫೋರ್ಕಿನೊಳಗಣ ಗಾಳಿಯೂ

ಪುಂಜಾಲಕಟ್ಟೆಯಿಂದ ಮಡಂತ್ಯಾರಿಗೂ ಮಡಂತ್ಯಾರಿನಿಂದ ಗುರುವಾಯನಕೆರೆಗೂ ಸಾಗುವ ಹೆದ್ದಾರಿಯಲ್ಲಿ ಮಾತ್ರ ಸಂಚರಿಸತಕ್ಕವರಿಗೆ ನಮ್ಮ ಸೀಮೆಯ ನೆಲದ ನಿಜಸ್ವಭಾವವು ತಿಳಿಯಲಾರದು. ಡಾಮರು ಎಲ್ಲ ಊರುಗಳಲ್ಲಿಯೂ ಒಂದೇ. ಪೇಟೆಯ ಬೆನ್ನಿಗೆ ಯಾವುದಾದರೊಂದು ಅಡ್ಡದಾರಿಯನ್ನು ಹಿಡಿದು, ಅಡಕೆತೋಟದ ಪಕ್ಕದಲ್ಲಿ ತುಸುದೂರ ನಡೆದು, ತೋಡಿನ ಸಂಕವನ್ನು ದಾಟಿ, ಗೇರುಮರಗಳ ಗುಡ್ಡೆಯನ್ನೇರಿ, ಪದವಿನ ಬೋಳುನೆತ್ತಿಯನ್ನು ಮುಟ್ಟಿದವನಿಗೆ, ಕಾಲಡಿಯಲ್ಲಿರುವುದು ಮಣ್ಣೋ ಕಲ್ಲೋ ಎಂದು ನಿರ್ಣಯಿಸಲಾಗದ ಒಂದು ವಸ್ತುವಿನ ಪರಿಚಯವಾಗುತ್ತದೆ. ನಾವು ಅದನ್ನು ಮುರಕಲ್ಲು ಎನ್ನುತ್ತೇವೆ. ಪುಸ್ತಕಗಳಲ್ಲಿ ಅದು ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಕಟ್ಟಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬಳಸಿದನು. ಅಗೆಯುವಾಗ ಮೆತ್ತಗಿದ್ದು ಗಾಳಿಬಿಸಿಲು ತಗಲಿದ ಮೇಲೆ ಬಿರುಸಾಗುವ ಈ ಗುಣವು ಮನೆ ಕಟ್ಟುವವರಿಗೆ ವರವಾಗಿದೆ; ಆದರೆ ಅದರ ಮೇಲೆ ಸೈಕಲನ್ನು ಓಡಿಸುವವನಿಗೆ ಅದೇ ಗುಣವು ಬೇರೊಂದು ಮುಖವನ್ನು ತೋರಿಸುತ್ತದೆ. ಮಳೆಗಾಲದ ನೀರು ಮೆದುವಾದುದನ್ನು ಕೊಚ್ಚಿಕೊಂಡುಹೋಗಿ ಗಟ್ಟಿಯಾದುದನ್ನು ಉಳಿಸುವುದರಿಂದ, ನಮ್ಮ ಗುಡ್ಡೆಗಳ ಕಾಲುದಾರಿಗಳೆಲ್ಲ ಗುಳಿ, ಗಂಟು, ಮೆಟ್ಟಿಲುಗಳ ಸಾಲುಗಳಾಗಿ ಪರಿಣಮಿಸಿವೆ.

ಇಂತಹ ದಾರಿಯಲ್ಲಿ ನನ್ನ ತಲೆಮಾರಿನವರು ಓಡಿಸಿದ್ದು ಕಪ್ಪುಬಣ್ಣದ, ದಪ್ಪ ಉಕ್ಕಿನ ಸೈಕಲುಗಳನ್ನು. ಅವುಗಳಲ್ಲಿ ಸ್ಪ್ರಿಂಗು ಇರುತ್ತಿದ್ದುದು ಸೀಟಿನ ಅಡಿಯಲ್ಲಿ ಮಾತ್ರ. ಸವಾರನ ಬೆನ್ನಿನ ಬಗೆಗೆ ಕಿಂಚಿತ್ ಕರುಣೆಯುಂಟು, ಚಕ್ರದ ಬಗೆಗೆ ಇಲ್ಲ. ಈಗ ನನ್ನ ಅಕ್ಕನ ಮಗನು ತಂದಿರುವ ಮೌಂಟನ್ ಬೈಕಿನಲ್ಲಿ ಸೀಟು ಕಲ್ಲಿನಂತೆ ಗಟ್ಟಿ. ಬದಲಾಗಿ ಮುಂಚಕ್ರವನ್ನು ಹಿಡಿದಿರುವ ಎರಡು ಕಾಲುಗಳು ಒಂದರೊಳಗೊಂದು ಜಾರುವ ಕೊಳವೆಗಳಾಗಿವೆ. ಇದೇ ಸಸ್ಪೆನ್ಷನ್ ಫೋರ್ಕು. ನಮ್ಮ ಪೇಟೆಯ ಭಾಷೆಯಲ್ಲಿ ‘ಶಾಕಬ್ಸರ್ ಇರುವ ಸೈಕಲ್ಲು’. ಕೊಂಡ ಮರುದಿನವೇ ಅವನು ಅಂಗಳದಲ್ಲಿ ನಿಂತು, “ಮಾವಾ, ಇದಕ್ಕೆ ಗಾಳಿ ಎಷ್ಟು ಹಾಕುವುದು?” ಎಂದು ಕೇಳಿದನು. ಟೈರಿನ ಪ್ರಶ್ನೆಯೆಂದು ನಾನು ತಿಳಿದೆ. ಅವನು ಕೇಳಿದ್ದು ಫೋರ್ಕಿನ ಗಾಳಿಯನ್ನು. ಈ ಅಧ್ಯಾಯವು ಆ ಪ್ರಶ್ನೆಗೆ ನಾನು ತಡವಾಗಿ, ಕೆಲವು ತಪ್ಪುಗಳನ್ನು ಮಾಡಿಕೊಂಡ ತರುವಾಯ, ಕೊಡುತ್ತಿರುವ ಉತ್ತರ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕಾಗಿದೆ. ಫೋರ್ಕು ಇರುವುದು ಕೈಗೆ ಸುಖವಾಗಲೆಂದು ಎಂಬುದು ಜನಜನಿತವಾದ ನಂಬಿಕೆ. ಸುಖವು ಅದರ ಉಪಫಲ ಮಾತ್ರ. ಅದರ ಮುಖ್ಯ ಪ್ರಯೋಜನವು ಚಕ್ರವನ್ನು ನೆಲದಿಂದ ಅಗಲಗೊಡದಿರುವುದು. ಗಾಳಿಯಲ್ಲಿರುವ ಚಕ್ರವು ತಿರುಗಿಸಿದರೆ ತಿರುವನ್ನು ತೆಗೆದುಕೊಳ್ಳುವುದಿಲ್ಲ, ಬ್ರೇಕು ಹಿಡಿದರೆ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತಿರುವ ಮುಂಚಕ್ರದ ಸವಾರನು ಆ ಕ್ಷಣಗಳ ಮಟ್ಟಿಗೆ ಬರಿಯ ಎಸೆದ ಕಲ್ಲೇ ಆಗಿರುತ್ತಾನೆ. ಆದಕಾರಣ ಫೋರ್ಕನ್ನು ಸರಿಹೊಂದಿಸುವುದು ಸುಖದ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ಹಿಡಿತದ ಪ್ರಶ್ನೆ.

ಈ ಸತ್ಯವನ್ನು ಸೈಕಲ್ ಲೋಕವು ಕಲಿತದ್ದು ಸಾವಕಾಶವಾಗಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಕೆಲವು ತರುಣರು ಹಳೆಯ ಭಾರವಾದ ಸೈಕಲುಗಳನ್ನು ಇಳಿಜಾರಿನಲ್ಲಿ ಓಡಿಸುವ ಪಂದ್ಯವನ್ನು ಆರಂಭಿಸಿದರು. ಒಂದೇ ಇಳಿತಕ್ಕೆ ಹಿಂಚಕ್ರದ ಬ್ರೇಕು ಕಾದು ಒಳಗಣ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ ಪ್ರತಿ ಸಲವೂ ಅದನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ ಮರಳಿ ತುಂಬುವ ಕೆಲಸವೇ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರಾಯಿತು. ಒಂದು ಕ್ರೀಡೆಯು ತನ್ನ ಮೊದಲ ಪಂದ್ಯಕ್ಕೆ ಪಾಲನೆಯ ಕೆಲಸದ ಹೆಸರನ್ನೇ ಇಟ್ಟುಕೊಂಡ ಬೇರೆ ಉದಾಹರಣೆ ನನಗೆ ನೆನಪಿಗೆ ಬಾರದು. ಆ ಸೈಕಲುಗಳಿಗೆ ಜಾರುವ ಫೋರ್ಕು ಇರಲಿಲ್ಲ. ಪಾಲ್ ಟರ್ನರ್ ಎಂಬಾತನು ಸ್ಥಾಪಿಸಿದ ರಾಕ್‌ಶಾಕ್ಸ್ ಕಂಪನಿಯು 1989ರ ಸುಮಾರಿಗೆ ಗಾಳಿಯ ಸ್ಪ್ರಿಂಗೂ ಎಣ್ಣೆಯ ತಡೆಯೂ ಉಳ್ಳ ಫೋರ್ಕನ್ನು ಹೊರತಂದಿತು. ಮರುವರ್ಷ ಕೊಲೊರಾಡೊದ ಡುರಾಂಗೊದಲ್ಲಿ ನಡೆದ ವಿಶ್ವಸ್ಪರ್ಧೆಯ ಇಳಿಜಾರಿನ ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್ ಎಂಬವನು ಅದೇ ಕಂಪನಿಯ ಫೋರ್ಕಿನ ಮೇಲೆ ಗೆದ್ದನು. ಅಲ್ಲಿಂದ ಮುಂದೆ ವಾದಕ್ಕೆ ಅವಕಾಶವುಳಿಯಲಿಲ್ಲ. ಈ ಕ್ರೀಡೆಯು ನಮಗೂ ಈಗ ದೂರದ್ದಲ್ಲ; ನಮ್ಮ ನಾಡಿನಲ್ಲಿಯೂ 2022ರಲ್ಲಿ ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯು ನಡೆದಿದೆ.

ಫೋರ್ಕಿನ ಎರಡು ಕಾಲುಗಳು ನೋಡಲು ಅವಳಿಗಳಂತಿದ್ದರೂ ಅವುಗಳ ಕೆಲಸ ಬೇರೆಬೇರೆ. ಸಾಮಾನ್ಯವಾಗಿ ಎಡಗಾಲಿನೊಳಗೆ ಸ್ಪ್ರಿಂಗು, ಬಲಗಾಲಿನೊಳಗೆ ಎಣ್ಣೆಯ ತಡೆ. ಮೊದಲನೆಯದು ಭಾರವನ್ನು ಹೊತ್ತು, ಒತ್ತಿದ್ದನ್ನು ಅಷ್ಟೇ ಬಲದಿಂದ ಹಿಂದಿರುಗಿಸುತ್ತದೆ. ಎರಡನೆಯದು ಯಾವ ಭಾರವನ್ನೂ ಹೊರುವುದಿಲ್ಲ, ಚಲನೆಯನ್ನು ಮಾತ್ರ ನಿಧಾನಿಸಿ ಅದರ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಫೋರ್ಕಿನ ವಿಷಯದಲ್ಲಿ ನಾನು ಕಂಡ ತಪ್ಪುಗಳಲ್ಲಿ ಬಹುಪಾಲು, ಒಂದು ಕಾಲಿನ ರೋಗಕ್ಕೆ ಇನ್ನೊಂದು ಕಾಲಿಗೆ ಔಷಧಿ ಮಾಡಿದ್ದರಿಂದ ಹುಟ್ಟಿದವು. ಗಾಳಿ ಕಡಮೆಯಾಗಿ ಕುಸಿಯುವ ಫೋರ್ಕಿಗೆ ಎಣ್ಣೆಯ ಗುಂಡಿಯನ್ನು ಬಿಗಿಮಾಡುವುದು, ಎಣ್ಣೆಯ ತಡೆ ಸಾಲದೆ ಕುಪ್ಪಳಿಸುವ ಫೋರ್ಕಿಗೆ ಗಾಳಿಯನ್ನು ತುಂಬುವುದು, ಇವೆರಡೂ ನಮ್ಮ ಮನೆಯಲ್ಲಿಯೇ ನಡೆದಿವೆ.

ಸ್ಪ್ರಿಂಗಿನ ಧರ್ಮವನ್ನು ಹೇಳುವಾಗ ರಾಬರ್ಟ್ ಹುಕ್‌ನನ್ನು ನೆನೆಯದಿರುವಂತಿಲ್ಲ. ಎಳೆತ ಎಷ್ಟೋ ಬಲ ಅಷ್ಟು ಎಂಬ ತನ್ನ ನಿಯಮವನ್ನು ಅವನು 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, ಎರಡು ವರ್ಷಗಳ ಮೇಲೆ ಅದನ್ನು ಬಿಡಿಸಿ ತಿಳಿಸಿದನು. ಅನ್ಯರು ಕದಿಯದಂತೆ ವಿದ್ಯೆಯನ್ನು ಬಚ್ಚಿಡುವ ಚಪಲವು ನಮ್ಮ ನಾಟಿವೈದ್ಯರಿಗೆ ಮಾತ್ರ ಮೀಸಲಾದದ್ದಲ್ಲ. ಇದೇ ಹುಕ್‌ನು ಯೌವನದಲ್ಲಿ ರಾಬರ್ಟ್ ಬಾಯ್ಲ್‌ನ ಸಹಾಯಕನಾಗಿದ್ದು, ಬಾಯ್ಲ್‌ನ ಪ್ರಸಿದ್ಧ ಗಾಳಿಯಂತ್ರವನ್ನು ತನ್ನ ಕೈಯಿಂದಲೇ ನಿರ್ಮಿಸಿಕೊಟ್ಟವನು. ಗಾಳಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಅದರ ಒತ್ತಡ ಇಮ್ಮಡಿಯಾಗುವುದೆಂಬ ಬಾಯ್ಲ್‌ನ ನಿಯಮವು 1662ರಲ್ಲಿ ಹೊರಬಂದಿತು. ಹೀಗೆ ಉಕ್ಕಿನ ಸುರುಳಿಯ ಫೋರ್ಕು ಹುಕ್‌ನ ನಿಯಮಕ್ಕೂ, ಗಾಳಿಯ ಫೋರ್ಕು ಬಾಯ್ಲ್‌ನ ನಿಯಮಕ್ಕೂ ವಿಧೇಯವಾಗಿವೆ. ಅವೆರಡರ ಅಂತರವು ಸವಾರನ ಅಂಗೈಗೆ ತಿಳಿಯುತ್ತದೆ: ಸುರುಳಿಯು ಆದಿಯಿಂದ ಅಂತ್ಯದವರೆಗೆ ಒಂದೇ ಪ್ರಮಾಣದಲ್ಲಿ ಬಿಗಿಯಾಗುತ್ತ ಹೋದರೆ, ಗಾಳಿಯು ಮೊದಲು ಸುಲಭವಾಗಿ ಒಪ್ಪಿಕೊಂಡು ಕೊನೆಕೊನೆಗೆ ಥಟ್ಟನೆ ಹಠಮಾಡುತ್ತದೆ. ಮೀಟರಿನಲ್ಲಿ 80 ಪಿಎಸ್‌ಐ ತೋರಿಸುವ ಫೋರ್ಕಿನೊಳಗೆ, ವಾತಾವರಣದ ಸುಮಾರು 15ನ್ನು ಸೇರಿಸಿ, ನಿಜವಾಗಿ ಇರುವುದು 95. ಗಾಳಿಯ ಗಾತ್ರವು ಅರ್ಧವಾಗುವಷ್ಟು ಕುಗ್ಗಿದಾಗ ಅದು 190ಕ್ಕೆ ಏರುತ್ತದೆ. ದೊಡ್ಡ ಗುಂಡಿಗೆ ಇಳಿದಾಗಲೂ ಒಳ್ಳೆಯ ಫೋರ್ಕು ಲೋಹಕ್ಕೆ ಲೋಹ ಬಡಿಯದೆ ಉಳಿಯುವುದು ಈ ಕಡೆಗಾಲದ ಹಠದಿಂದಲೇ.

ಹಾಗಾದರೆ ಎಷ್ಟು ಗಾಳಿ? ಉತ್ತರವು ಫೋರ್ಕಿನಲ್ಲಿಲ್ಲ, ಸವಾರನ ತೂಕದಲ್ಲಿದೆ. ಅನೇಕ ಫೋರ್ಕುಗಳ ಕಾಲಿನ ಹಿಂಬದಿಯಲ್ಲಿ ತೂಕಕ್ಕೆ ತಕ್ಕ ಒತ್ತಡದ ಕೋಷ್ಟಕವೊಂದನ್ನು ಅಂಟಿಸಿರುತ್ತಾರೆ. ಅಲ್ಲಿಂದ ಆರಂಭಿಸುವುದು ಯುಕ್ತ. ಆದರೆ ಅಂತಿಮ ನಿರ್ಣಯವನ್ನು ಕೊಡತಕ್ಕದ್ದು ‘ಸ್ಯಾಗ್’ ಎಂಬ ಅಳತೆ, ಎಂದರೆ ಸವಾರನು ಸುಮ್ಮನೆ ಏರಿ ನಿಂತಾಗ ಅವನ ಭಾರದಿಂದ ಫೋರ್ಕು ಕುಸಿಯುವ ಪ್ರಮಾಣ. ಮೇಲಿನ ನುಣುಪಾದ ಕೊಳವೆಯ ಮೇಲೆ ತಯಾರಕರೇ ಒಂದು ರಬ್ಬರಿನ ಉಂಗುರವನ್ನು ತೊಡಿಸಿರುವುದುಂಟು. ಇಲ್ಲದಿದ್ದರೆ ಒಂದು ದಾರವನ್ನು ಸಡಿಲವಾಗಿ ಕಟ್ಟಿದರೂ ಸಾಕು. ಸವಾರನು ಶೂ, ಹೆಲ್ಮೆಟ್, ನೀರಿನ ಬಾಟಲಿ, ಬೆನ್ನಚೀಲಗಳ ಸಮೇತ, ಅಂದರೆ ತಾನು ಗುಡ್ಡೆಗೆ ಹೋಗುವ ವೇಷದಲ್ಲಿಯೇ, ಸೈಕಲನ್ನೇರಿ ಪೆಡಲುಗಳ ಮೇಲೆ ನಿಲ್ಲಬೇಕು. ಇನ್ನೊಬ್ಬರು ಸೈಕಲನ್ನು ನೆಟ್ಟಗೆ ಹಿಡಿದು ಉಂಗುರವನ್ನು ಕೆಳಗಿನ ಕೊಳವೆಯ ಬಾಯಲ್ಲಿರುವ ರಬ್ಬರಿನ ಸೀಲಿಗೆ ತಾಗಿಸಿಡಬೇಕು. ಅನಂತರ ಸವಾರನು ಕುಲುಕದೆ ಮೆಲ್ಲಗೆ ಇಳಿದಾಗ ಉಂಗುರವೂ ಸೀಲೂ ಎಷ್ಟು ದೂರವಾಗಿವೆಯೆಂದು ಅಳೆಯಬೇಕು. 120 ಮಿಲಿಮೀಟರ್ ಚಲಿಸುವ ಫೋರ್ಕಿನಲ್ಲಿ ಅದು 24 ಮಿಲಿಮೀಟರ್ ಬಂದರೆ ನೂರಕ್ಕೆ 20. ಏರುವುದೇ ಪ್ರಧಾನವಾದವರಿಗೆ 15ರಿಂದ 20, ಏರು ಇಳಿತ ಎರಡೂ ಉಳ್ಳ ದಾರಿಗೆ 20ರಿಂದ 25, ಬರಿಯ ಕಡಿದಾದ ಇಳಿಜಾರಿಗೆ 30ರವರೆಗೆ ಇರಬಹುದು. ಕುಸಿತವೆಂದರೆ ದೋಷವಲ್ಲವೇ ಎಂದು ನನ್ನ ಅಳಿಯನು ಮೊದಲು ಶಂಕಿಸಿದನು. ಅಲ್ಲ. ಚಕ್ರವು ಗುಂಡಿಗೆ ಇಳಿಯಬೇಕಾದಾಗ ಫೋರ್ಕಿಗೆ ನೀಡಿಕೊಳ್ಳಲು ಅವಕಾಶ ಬೇಕಷ್ಟೆ. ಆ ಮೀಸಲು ಅವಕಾಶವೇ ಸ್ಯಾಗ್. ಪೂರ್ತಿ ಚಾಚಿ ನಿಂತ ಕೈಯಿಂದ ಇನ್ನೂ ಕೆಳಗಿನ ಹಣ್ಣನ್ನು ಮುಟ್ಟಲಾಗುವುದಿಲ್ಲ.

ಗಾಳಿ ತುಂಬುವ ಸಾಧನದ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಇದಕ್ಕೆ ‘ಶಾಕ್ ಪಂಪು’ ಎಂಬ ಪ್ರತ್ಯೇಕ ಪಂಪೇ ಬೇಕು. ಅದು ಪ್ರತಿ ಒತ್ತಿಗೆ ತೀರ ಅಲ್ಪ ಗಾಳಿಯನ್ನು ಹೆಚ್ಚಿನ ಒತ್ತಡದಲ್ಲಿ ನೂಕುತ್ತದೆ. ಫೋರ್ಕಿನ ಗಾಳಿಯ ಕೋಣೆಯು ಒಂದು ಲೋಟದಷ್ಟೂ ಇಲ್ಲದ ಚಿಕ್ಕ ಜಾಗ. ಪೇಟೆಯ ಕಂಪ್ರೆಸರನ್ನು ಅದಕ್ಕೆ ಹಚ್ಚಿದರೆ ಮೀಟರಿನ ಮುಳ್ಳನ್ನು ನೋಡುವಷ್ಟರಲ್ಲಿ ಮಿತಿ ಮೀರಿರುತ್ತದೆ. ಒಂದು ಪಂಕ್ಚರ್ ಅಂಗಡಿಯಲ್ಲಿ ನಮ್ಮ ಹುಡುಗನ ಫೋರ್ಕಿಗೆ ಪ್ರೀತಿಯಿಂದಲೇ ಹೀಗೆ ಗಾಳಿ ತುಂಬಿಕೊಟ್ಟರು. ಫೋರ್ಕು ಒನಕೆಯಂತಾಗಿ, ಮೊದಲ ಇಳಿಜಾರಿನಲ್ಲಿಯೇ ಮುಂಚಕ್ರವು ಕಲ್ಲಿನಿಂದ ಚಿಮ್ಮಿ, ಅವನು ಗೇರುಪೊದೆಯೊಳಗೆ ಬಿದ್ದನು. ಗಾಯವಾದದ್ದು ಮೊಣಕೈಗೆ ಮಾತ್ರ. ಫೋರ್ಕಿನ ಮೇಲೆ ಮುದ್ರಿಸಿರುವ ಗರಿಷ್ಠ ಒತ್ತಡವು ಸಲಹೆಯಲ್ಲ, ಗಡಿ. ಸರಿಯಾದ ಪಂಪನ್ನು ಬಳಸುವಾಗ ಎರಡು ಸಂಗತಿಗಳು ಹೊಸಬರನ್ನು ಗಾಬರಿಗೊಳಿಸುತ್ತವೆ. ಪಂಪನ್ನು ತಿರುಗಿಸಿ ಜೋಡಿಸಿದೊಡನೆ ಮುಳ್ಳು ಹಿಂದೆ ಇದ್ದುದಕ್ಕಿಂತ ಕಡಮೆ ತೋರಿಸುವುದು, ಫೋರ್ಕಿನ ಗಾಳಿಯು ಪಂಪಿನ ನಳಿಕೆಯನ್ನೂ ತುಂಬಿಕೊಳ್ಳುವುದರಿಂದ. ತೆಗೆಯುವಾಗ ಬರುವ ‘ಉಸ್’ ಎಂಬ ಸದ್ದು ಬಹುಮಟ್ಟಿಗೆ ಆ ನಳಿಕೆಯದೇ, ಫೋರ್ಕಿನದಲ್ಲ. ಇನ್ನೊಂದು ಮಾತು: ಆಧುನಿಕ ಫೋರ್ಕುಗಳಲ್ಲಿ ಮುಖ್ಯ ಗಾಳಿಗೆ ಎದುರಾಗಿ ಕೆಳಗಿನಿಂದ ಒತ್ತುವ ಪುಟ್ಟದೊಂದು ಎದುರುಕೋಣೆಯಿದ್ದು, ಮೊದಲ ಚಲನೆಯನ್ನು ಅದು ಹಗುರಮಾಡುತ್ತದೆ. ಆದ್ದರಿಂದ ತುಂಬುತ್ತ ಇರುವಾಗ ನಡುನಡುವೆ ಫೋರ್ಕನ್ನು ಹತ್ತಾರು ಬಾರಿ ಒತ್ತಿಬಿಟ್ಟು ಎರಡು ಕೋಣೆಗಳ ಒತ್ತಡವನ್ನು ಸಮಗೊಳಿಸದಿದ್ದರೆ ಅಳತೆಯೇ ಸುಳ್ಳಾಗುತ್ತದೆ.

ಬಿಸಿಲೂ ಈ ಲೆಕ್ಕದಲ್ಲಿ ಕೈಹಾಕುತ್ತದೆ. ಬೆಳಗ್ಗೆ 25 ಡಿಗ್ರಿಯ ತಂಪಿನಲ್ಲಿ 80 ಪಿಎಸ್‌ಐ ಇದ್ದ ಫೋರ್ಕು ಏಪ್ರಿಲಿನ ಮಧ್ಯಾಹ್ನ ಬಯಲಿನಲ್ಲಿ ನಿಂತು 45 ಡಿಗ್ರಿಗೆ ಕಾದರೆ ಸುಮಾರು 86 ಆಗುತ್ತದೆ. ಯಾರೂ ಗಾಳಿ ಹಾಕಿಲ್ಲ, ಆದರೂ ಫೋರ್ಕು ಬಿರುಸಾಗಿದೆ. ಅಳತೆಯನ್ನು ಯಾವಾಗಲೂ ಸವಾರಿಯ ಹೊತ್ತಿನ ನೆರಳಿನಲ್ಲಿ ಮಾಡಿರೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಬಲಗಾಲಿಗೆ ಬರೋಣ. 24 ಮಿಲಿಮೀಟರ್ ಕುಸಿದು ನಿಂತಿರುವ ಸ್ಪ್ರಿಂಗನ್ನು ಒಮ್ಮೆ ಒತ್ತಿ ಬಿಟ್ಟರೆ, ತಡೆಯೇ ಇಲ್ಲದ ಪಕ್ಷದಲ್ಲಿ, ಅದು ಸೆಕೆಂಡಿಗೆ ಸುಮಾರು ಮೂರು ಬಾರಿ ಮೇಲೆಕೆಳಗೆ ತೂಗುತ್ತಲೇ ಇರುತ್ತದೆ. ಲೋಲಕದ ಲೆಕ್ಕವನ್ನು ಶಾಲೆಯಲ್ಲಿ ಕಲಿತವರು ಇದನ್ನು ಬೆರಳಿನಲ್ಲಿ ಎಣಿಸಿ ತಿಳಿಯಬಹುದು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 5 ಮೀಟರಿನಂತೆ, ಒಬ್ಬನು ಪದವಿನಿಂದ ಇಳಿಯುತ್ತಿದ್ದು, ಆ ದಾರಿಯಲ್ಲಿ ಮುರಕಲ್ಲಿನ ಗಂಟುಗಳು ಒಂದೂವರೆ ಮೀಟರಿಗೊಂದರಂತೆ ಎದ್ದಿದ್ದರೆ, ಪ್ರತಿ ಗಂಟೂ ಸ್ಪ್ರಿಂಗಿನ ತೂಗಾಟಕ್ಕೆ ಸರಿಯಾಗಿ ತಾಳಹಾಕುತ್ತದೆ. ತೊಟ್ಟಿಲನ್ನು ಹದವರಿತು ನೂಕಿದಂತೆ ತೂಗಾಟವು ಬೆಳೆಯುತ್ತ ಬೆಳೆಯುತ್ತ, ನಾಲ್ಕನೆಯ ಐದನೆಯ ಗಂಟಿನ ಹೊತ್ತಿಗೆ ಚಕ್ರವು ನೆಲವನ್ನು ಬಿಟ್ಟಿರುತ್ತದೆ. ಇದನ್ನು ತಡೆಯುವುದು ಬಲಗಾಲಿನ ಎಣ್ಣೆ. ಕಿರಿದಾದ ರಂಧ್ರಗಳ ಮೂಲಕ ಹಾದುಹೋಗಬೇಕಾದ ಎಣ್ಣೆಯು, ನಿಧಾನವಾಗಿ ನೂಕಿದರೆ ಹೆಚ್ಚು ವಿರೋಧಿಸದು, ರಭಸದಿಂದ ನೂಕಿದರೆ ಬಲವಾಗಿ ಎದುರು ನಿಲ್ಲುತ್ತದೆ. ಮಳೆಗಾಲದ ಏಣಿಲು ಬೆಳೆಯ ಗದ್ದೆಯಲ್ಲಿ ನಾಟಿಗೆ ಇಳಿದವರೆಲ್ಲ ಇದನ್ನು ಬಲ್ಲರು: ಕೆಸರಿನಿಂದ ಕಾಲನ್ನು ಮೆಲ್ಲಗೆ ಎತ್ತಿದರೆ ಬರುತ್ತದೆ, ಜಗ್ಗಿದರೆ ಕಚ್ಚಿ ಹಿಡಿಯುತ್ತದೆ.

ಬಲಗಾಲಿನ ಕೆಳತುದಿಯಲ್ಲಿ, ಬಹುಮಟ್ಟಿಗೆ ಕೆಂಪುಬಣ್ಣದ, ಚಿಕ್ಕ ಗುಂಡಿಯೊಂದಿದೆ. ಒತ್ತಲ್ಪಟ್ಟ ಫೋರ್ಕು ಮರಳಿ ಚಾಚಿಕೊಳ್ಳುವ ವೇಗ, ಎಂದರೆ ‘ರಿಬೌಂಡ್’, ಅದರ ಅಂಕೆಯಲ್ಲಿದೆ. ಕೆಲವು ಗುಂಡಿಗಳ ಮೇಲೆ ಆಮೆಯ ಮತ್ತು ಮೊಲದ ಚಿತ್ರಗಳಿದ್ದು, ಯಾವ ಕಡೆಗೆ ತಿರುಗಿಸಿದರೆ ನಿಧಾನ, ಯಾವ ಕಡೆಗೆ ಶೀಘ್ರ ಎಂಬುದನ್ನು ಅಕ್ಷರವಿಲ್ಲದೆ ತಿಳಿಸುತ್ತವೆ; ಈ ಓಟದಲ್ಲಿ ಗೆಲ್ಲತಕ್ಕದ್ದು ಆಮೆಯೂ ಅಲ್ಲ, ಮೊಲವೂ ಅಲ್ಲ. ಗುಂಡಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಪೂರ್ತಿ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ‘ಟಿಕ್ ಟಿಕ್’ ಎಂಬ ಸದ್ದುಗಳನ್ನು ಎಣಿಸುತ್ತ ಮಧ್ಯಕ್ಕೆ ಬರುವುದು ಆರಂಭದ ಕ್ರಮ. ಪೂರ್ತಿ ತಿರುಗಿಸುವುದೆಂದರೆ ನಿಂತಲ್ಲಿಗೆ ನಿಲ್ಲಿಸುವುದು; ಬಲಪ್ರಯೋಗದಿಂದ ಒಳಗಣ ಸೂಜಿ ಮುರಿಯುತ್ತದೆ. ಬಳಿಕ ಅಂಗಳದ ಮೆಟ್ಟಿಲಿನಿಂದ ಸೈಕಲನ್ನು ಕುಳಿತಂತೆಯೇ ಇಳಿಸಿ ನೋಡಬೇಕು. ಫೋರ್ಕು ಒತ್ತಿ, ಚಾಚಿ, ಒಮ್ಮೆಗೇ ನೆಲೆನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ತಡೆ ಕಡಮೆ. ಆದರೆ ತಡೆ ಹೆಚ್ಚಾದಾಗಿನ ದೋಷವು ಅಂಗಳದಲ್ಲಿ ಕಾಣದು, ಗುಡ್ಡೆಯಲ್ಲಿ ಮಾತ್ರ ಕಾಣುವುದು. ಒಂದು ಕಲ್ಲಿನಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಕಲ್ಲು ಬಂದು, ಫೋರ್ಕು ಮೆಟ್ಟಿಲುಮೆಟ್ಟಿಲಾಗಿ ಕುಗ್ಗಿ, ಕಡೆಗೆ ಚಲಿಸಲು ಅವಕಾಶವೇ ಇಲ್ಲದೆ ಬರಿಯ ಕಬ್ಬಿಣದ ಕೋಲಾಗಿ ನಿಲ್ಲುತ್ತದೆ. ಸವಾರನು ಆಗ ಸ್ಪ್ರಿಂಗು ಬಿಗಿಯಾಯಿತೆಂದು ಭ್ರಮಿಸಿ ಗಾಳಿಯನ್ನು ಇಳಿಸುತ್ತಾನೆ, ರೋಗವು ಇಮ್ಮಡಿಸುತ್ತದೆ. ಒಂದು ಸಲಕ್ಕೆ ಒಂದೇ ಗುಂಡಿ, ಅದೂ ಎರಡೇ ಟಿಕ್ಕು, ಅದೇ ದಾರಿಯಲ್ಲಿ ಮತ್ತೊಮ್ಮೆ ಸವಾರಿ, ಕೈಯಲ್ಲೊಂದು ಚೀಟಿ: ಇಷ್ಟಾದರೆ ಪ್ರಯೋಗಶಾಲೆಗೂ ಗುಡ್ಡೆಗೂ ಭೇದವಿಲ್ಲ. ಫೋರ್ಕು ಕುಸಿಯುವುದನ್ನು ತಡೆಯುವ ಮೇಲ್ಗಡೆಯ ನೀಲಿ ಗುಂಡಿಯೂ, ಅದನ್ನು ಪೂರ್ತಿ ಬಿಗಿಹಿಡಿಯುವ ಲಾಕ್‌ಔಟೂ ಡಾಮರಿನ ಏರಿಗೆ ಉಪಯುಕ್ತ. ಇಳಿಯುವ ಮೊದಲು ತೆರೆಯಲು ಮರೆಯಬಾರದೆಂಬುದನ್ನು ಬಿಟ್ಟರೆ ಅವುಗಳ ವಿಷಯದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ.

ಪಾಲನೆಯ ವಿಷಯಕ್ಕೆ ಬಂದಾಗ ಮತ್ತೆ ಮುರಕಲ್ಲಿಗೇ ಮರಳಬೇಕಾಗುತ್ತದೆ. ಅದರ ಕೆಂಪು ಕಬ್ಬಿಣದ ತುಕ್ಕಿನದು. ಅಕ್ಕಸಾಲಿಗರು ಒಡವೆಗೆ ಮೆರುಗು ಕೊಡುವ ಕೆಂಪು ಹುಡಿಯೂ ನುಣ್ಣಗೆ ಅರೆದ ಕಬ್ಬಿಣದ ಆಕ್ಸೈಡೇ. ಅಂದಮೇಲೆ ಜನವರಿಯಿಂದ ಮೇ ತಿಂಗಳವರೆಗೆ ನಮ್ಮ ದಾರಿಗಳಲ್ಲಿ ಏಳುವ ಧೂಳು, ಅದರೊಂದಿಗೆ ಬೆರೆತ ಬೆಣಚುಕಲ್ಲಿನ ಕಣಗಳ ಸಹಿತ, ಒಂದು ಸಿದ್ಧ ಮೆರುಗುಹುಡಿಯೇ ಸರಿ. ಫೋರ್ಕಿನ ಮೇಲ್ಕೊಳವೆಗಳಿಗೆ ಇರುವ ಬಿರುಸಾದ ಲೇಪವು ತಲೆಗೂದಲಿಗಿಂತ ತೆಳ್ಳಗಿನದು. ಧೂಳು ಸೀಲಿನ ತುಟಿಗೆ ಅಂಟಿತೆಂದರೆ ಪ್ರತಿ ಕುಲುಕಿಗೂ ಅದು ಆ ಲೇಪವನ್ನು ಉಜ್ಜುತ್ತದೆ. ಲೇಪವು ಸವೆದುಹೋದರೆ ಹೊಸ ಕೊಳವೆಗಳ ಬೆಲೆಗೆ ಹೊಸ ಫೋರ್ಕೇ ಬರುತ್ತದೆಂಬುದನ್ನು ತಿಳಿದೂ, ಪ್ರತಿ ಸವಾರಿಯ ಮೇಲೆ ಒಂದು ಮೆತ್ತನೆಯ ಬಟ್ಟೆಯಿಂದ ಕೊಳವೆಗಳನ್ನೂ ಸೀಲಿನ ಅಂಚನ್ನೂ ಒರೆಸುವ ಅರೆನಿಮಿಷದ ಕೆಲಸವನ್ನು ಮಾಡುವವರು ವಿರಳ.

ಈ ಸಂದರ್ಭದಲ್ಲಿ ನನ್ನದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ಕಿರುಗುಟ್ಟುವುದಕ್ಕೆಲ್ಲ ತೆಂಗಿನೆಣ್ಣೆಯೇ ಮದ್ದು ಎಂಬ ಕುಲಾಚಾರಕ್ಕೆ ಅನುಸಾರವಾಗಿ, ಅಳಿಯನು ಇಲ್ಲದ ಹೊತ್ತಿನಲ್ಲಿ ಆ ನುಣುಪುಕೊಳವೆಗಳಿಗೆ ಧಾರಾಳವಾಗಿ ಎಣ್ಣೆ ಸವರಿದೆ. ಎರಡು ದಿನ ಫೋರ್ಕು ಬೆಣ್ಣೆಯಂತೆ ಜಾರಿತು. ಮೂರನೆಯ ದಿನ ಸೀಲಿನ ಸುತ್ತ ಕುಂಕುಮದ ಬಣ್ಣದ ಒಂದು ಬಳೆ ಮೂಡಿತ್ತು: ಎಣ್ಣೆಯು ಧೂಳನ್ನು ಹಿಡಿದು ಅರಗಿನಂತೆ ಕಟ್ಟಿತ್ತು. ಸೀಲಿನ ರಬ್ಬರಿಗೆ ಒಗ್ಗುವ ಸಸ್ಪೆನ್ಷನ್ ಗ್ರೀಸು ಬೇರೆಯೇ ಉಂಟು. ತುಕ್ಕುಬಿಡಿಸುವ ಸ್ಪ್ರೇಯೂ, ಗಾಡಿಯ ಬೇರಿಂಗಿನ ಗ್ರೀಸೂ ಅಲ್ಲಿಗೆ ಸಲ್ಲವು. ಸ್ಪ್ರೇ ಒಳಗಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ಆ ಗ್ರೀಸುಗಳಲ್ಲಿ ಕೆಲವು ಸೀಲನ್ನು ಉಬ್ಬಿಸುತ್ತವೆ. ಕೆಸರು ತೊಳೆಯಲು ಸರ್ವೀಸ್ ಸ್ಟೇಶನ್ನಿನ ರಭಸದ ನೀರನ್ನು ಸೀಲಿಗೆ ಹಿಡಿಯುವುದೂ ಅಂಥದೇ ಅವಿವೇಕ. ಹೊರಗಿನಿಂದ ಬರುವ ಮಳೆಯನ್ನು ತಡೆಯಲು ಸಮರ್ಥವಾದ ತುಟಿಯು ಆ ರಭಸದ ಮುಂದೆ ನಿಲ್ಲಲಾರದು. ಬಾವಿಯ ನೀರು, ಒಂದು ಬಕೆಟ್ಟು, ಹಳೆಯ ಪಂಚೆಯ ತುಂಡು: ನಮಗೆ ಇವೇ ಸಾಕು.

ಕೆಳಗಾಲುಗಳ ಒಳಗಡೆ ಬುಷ್ಷುಗಳನ್ನೂ, ಸೀಲಿನ ಕೆಳಗಣ ಸ್ಪಂಜಿನ ಉಂಗುರಗಳನ್ನೂ ನೆನೆಸಿಡಲೆಂದು ಕೆಲವೇ ಮಿಲಿಲೀಟರ್ ಎಣ್ಣೆಯಿರುತ್ತದೆ. ಮಾದರಿಗನುಸಾರವಾಗಿ ಒಂದೊಂದು ಕಾಲಿಗೆ ಸುಮಾರು 5ರಿಂದ 20. ಒಂದೆರಡು ಚಮಚದ ಈ ಎಣ್ಣೆಯೇ ಫೋರ್ಕಿನ ಆಯುಷ್ಯ. ಅದನ್ನು ಬದಲಿಸುವ ಕೆಲಸಕ್ಕೆ ಕೆಲವು ತಯಾರಕರು ಹೇಳುವ ಅವಧಿ 50 ಗಂಟೆಗಳ ಸವಾರಿ. ವಾರಕ್ಕೆ ಐದು ಗಂಟೆ ಓಡಿಸುವವನಿಗೆ ಅದು ಹತ್ತೇ ವಾರ. ಬಲಗಾಲಿನ ತಡೆಯ ಒಳಭಾಗವನ್ನು ಬಿಚ್ಚುವ ಕೆಲಸವು ಇನ್ನೂ ದೀರ್ಘಾವಧಿಯದು, ಅದು ಬಲ್ಲವರ ಬೆಂಚಿಗೇ ಹೋಗಲಿ. ಕೆಳಗಾಲುಗಳನ್ನು ಕಳಚಿ ಎಣ್ಣೆ ಬದಲಿಸುವುದು ಮಾತ್ರ, ಕೈಪಿಡಿಯನ್ನು ಎದುರಿಗಿಟ್ಟುಕೊಂಡ ಸಾವಧಾನಿಯಾದ ಮನುಷ್ಯನಿಗೆ ಮನೆಯ ಜಗಲಿಯಲ್ಲಿ ಸಾಧ್ಯ.

ಸಾವಧಾನವೆಂದರೆ ಇಲ್ಲಿ ಮೊಟ್ಟಮೊದಲು ಗಾಳಿಯನ್ನು ಪೂರ್ತಿ ಹೊರಬಿಡುವುದು. ಒತ್ತಡವಿರುವಾಗ ಮೇಲಣ ಮುಚ್ಚಳವನ್ನು ಬಿಚ್ಚಲು ಹೋದರೆ ಅದು ಗುಂಡಿನಂತೆ ಹಾರಬಲ್ಲದು. ಮುಖವನ್ನು ಯಾವ ಕಾಲಕ್ಕೂ ಅದರ ನೇರಕ್ಕೆ ತರಬಾರದು. ವಾಲ್ವಿನ ಕಡ್ಡಿಯನ್ನು ಒತ್ತಿ ಸಾವಕಾಶವಾಗಿ ಗಾಳಿಬಿಡುತ್ತ, ನಡುನಡುವೆ ಫೋರ್ಕನ್ನು ಆಡಿಸುತ್ತಿರಬೇಕು. ಗಾಳಿಯೆಲ್ಲ ಹೋದ ಮೇಲೂ ಫೋರ್ಕು ಚಾಚಿಕೊಳ್ಳದೆ ಕೆಳಕ್ಕೆ ಕುಸಿದೇ ನಿಂತರೆ, ಎದುರುಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದು ತಿಳಿದು, ಅಲ್ಲಿಗೆ ಕೈಯನ್ನು ಹಿಂತೆಗೆಯತಕ್ಕದ್ದು. ಅದನ್ನು ಬಿಚ್ಚುವ ಸಾಹಸ ಮನೆಯಲ್ಲಿ ಸಲ್ಲದು. ಎರಡನೆಯದು, ಮುಂಚಕ್ರವನ್ನೂ ಬ್ರೇಕಿನ ಕ್ಯಾಲಿಪರನ್ನೂ ಬಿಚ್ಚಿ ದೂರವಿಡುವುದು. ಒಂದು ಹನಿ ಎಣ್ಣೆ ಬ್ರೇಕಿನ ಪ್ಯಾಡಿಗೆ ಬಿದ್ದರೆ ಗುಡ್ಡೆಯ ತಲೆಯಲ್ಲಿ ಬ್ರೇಕು ಕೈಕೊಡುತ್ತದೆ. ಕೆಳಗಿನ ಎರಡು ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಅವುಗಳ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಒಳಗಿನ ದಂಡವನ್ನು ಬಿಡಿಸಿ, ಆಮೇಲೆ ಬೋಲ್ಟನ್ನು ತೆಗೆದರೆ ಹಳೆಯ ಎಣ್ಣೆ ಕೆಳಗಿಟ್ಟ ತಟ್ಟೆಗೆ ಇಳಿಯುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಸ್ಪಂಜನ್ನು ಹೊಸ ಎಣ್ಣೆಯಲ್ಲಿ ನೆನೆಸಿ, ಹೇಳಿದಷ್ಟೇ ಎಣ್ಣೆಯನ್ನು ಹಾಕಿ ಜೋಡಿಸುವುದು ಉಳಿದ ಕೆಲಸ. ಕೆಳಗಾಲುಗಳು ಮೆಗ್ನೀಸಿಯಮ್ಮಿನ ಎರಕ. ಕಬ್ಬಿಣದ ಜಂಬದಿಂದ ಅದನ್ನು ಬಿಗಿಯಲಾಗದು. ಕೈಪಿಡಿಗಳಲ್ಲಿ ಈ ಬೋಲ್ಟುಗಳಿಗೆ ಸಾಮಾನ್ಯವಾಗಿ ಕಾಣುವ ಬಿಗಿತ ಸುಮಾರು 7 ನ್ಯೂಟನ್ ಮೀಟರ್. ಅದರ ಅಂದಾಜು ಬೇಕಾದವರು 14 ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ 5 ಕಿಲೋ ಅಕ್ಕಿಯ ಚೀಲವನ್ನು ತೂಗಿಸಿದಂತೆ ಕಲ್ಪಿಸಿಕೊಳ್ಳಬಹುದು. ಆದರೆ ಕಲ್ಪನೆಗಿಂತ ಟಾರ್ಕ್ ರೆಂಚು ಮೇಲು.

ಕೊನೆಯದಾಗಿ, ಬಿಚ್ಚದೆಯೇ ಪ್ರತಿ ವಾರ ನೋಡತಕ್ಕ ಕೆಲವು ಸಂಗತಿಗಳಿವೆ. ಮುಂದಿನ ಬ್ರೇಕನ್ನು ಹಿಡಿದು ಸೈಕಲನ್ನು ಹಿಂದುಮುಂದು ಆಡಿಸಿದಾಗ ಸೀಲಿನ ಬಳಿ ಬೆರಳಿಗೆ ಅಲುಗಾಟ ತಗಲಿದರೆ ಬುಷ್ಷು ಸವೆದಿದೆ; ಹ್ಯಾಂಡಲಿನ ಬುಡದಲ್ಲಿ ತಗಲಿದರೆ ಹೆಡ್‌ಸೆಟ್ಟು ಸಡಿಲಾಗಿದೆ. ಸೈಕಲ್ ಅಂಗಡಿಯವರು ಎರಡಕ್ಕೂ ‘ಪ್ಲೇ ಬಂದಿದೆ’ ಎಂದೇ ಹೇಳುವುದರಿಂದ ಯಾವುದರ ಪ್ಲೇ ಎಂದು ನಾವೇ ಕೇಳಿಕೊಳ್ಳಬೇಕು. ಡಿಸ್ಕ್ ಬ್ರೇಕು ಹಿಡಿದಾಗ ಚಕ್ರದ ಅಚ್ಚನ್ನು ಫೋರ್ಕಿನ ಬಾಯಿಯಿಂದ ಕೆಳಕ್ಕೆ ನೂಕುವ ಬಲವೊಂದು ಹುಟ್ಟುತ್ತದೆ; ಆದ್ದರಿಂದ ಹಳೆಯ ಮಾದರಿಯ ಕ್ವಿಕ್ ರಿಲೀಸ್ ಕೀಲನ್ನು ಪ್ರತಿ ಸವಾರಿಯ ಮೊದಲೂ ಅಂಗೈಯಲ್ಲಿ ಗುರುತು ಬೀಳುವಷ್ಟು ಬಿಗಿಯಾಗಿ ಮುಚ್ಚಿರಬೇಕು. ದೊಡ್ಡದಾಗಿ ಬಿದ್ದ ಮೇಲೆ ಎರಡು ಕೊಳವೆಗಳು ಕೂಡುವ ಕಿರೀಟಭಾಗವನ್ನು ಬೆಳಕಿಗೆ ಹಿಡಿದು ಬಿರುಕಿಗಾಗಿ ಹುಡುಕಬೇಕು. ನಮ್ಮ ಕಾಲದ ಉಕ್ಕಿನ ಫೋರ್ಕು ಬಾಗಿ ಎಚ್ಚರಿಸುತ್ತಿತ್ತು. ಅಲ್ಯುಮಿನಿಯಂ ಬಳಲಿಕೆಯನ್ನು ಒಳಗೇ ಕೂಡಿಟ್ಟು ಒಂದು ದಿನ ಹೇಳದೆ ಮುರಿಯುತ್ತದೆ. ಅಗ್ಗದ ‘ಗೇರ್ ಸೈಕಲು’ಗಳಲ್ಲಿ ಬರುವ ಫೋರ್ಕುಗಳ ಬಗೆಗೂ ಒಂದು ಮಾತು ನ್ಯಾಯವಾಗಿ ಸಲ್ಲಬೇಕು: ಅವುಗಳಲ್ಲಿ ಸುರುಳಿಯುಂಟು, ಎಣ್ಣೆಯ ತಡೆ ಬಹುಧಾ ಇಲ್ಲ. ಕಾಲೇಜಿಗೆ ಹೋಗಿಬರಲು ಅವು ಒಳ್ಳೆಯವೇ. ಕಾರಿಂಜ ಬೆಟ್ಟದ ಬುಡದ ಕಲ್ಲುದಾರಿಯಲ್ಲಿ ಹಾರಿಸಲು ಅವುಗಳನ್ನು ಮಾಡಿಲ್ಲ.

ಈ ಸಲ ಮಳೆ ಹಿಡಿಯುವ ಮುನ್ನ ನಾನೂ ಅಳಿಯನೂ ಜಗಲಿಯಲ್ಲಿ ಕುಳಿತು ಅವನ ಫೋರ್ಕಿನ ಕೆಳಗಾಲುಗಳನ್ನು ಬಿಚ್ಚಿದೆವು. ಹಾಕಿದ್ದು ಒಂದೊಂದು ಕಾಲಿಗೆ 10 ಮಿಲಿಲೀಟರ್ ಎಣ್ಣೆ. ಹೊರಬಂದದ್ದು ಎಡಗಾಲಿನಿಂದ 4, ಬಲಗಾಲಿನಿಂದ 6; ಬಣ್ಣ, ಹಾಲು ಹಾಕಿದ ಚಹದ್ದು.